ಬೀಸುವ ಕೈ ಯಾರದು?

ಹೊಸ ಮನೆಯ ಆಶೀರ್ವಾದ, ಹೊಸ ವಾಹನದ ಆಶೀರ್ವಾದ, ಕೊಳವೆ ಬಾವಿಯ ಆಶೀರ್ವಾದ ಇವೆಲ್ಲ ಗುರುಗಳಾದ ನಮಗೆ ರೂಢಿಯ ಕೆಲಸಗಳು. ಕಳೆದ ತಪಸ್ಸುಕಾಲದ ಒಂದು ಭಾನುವಾರ ಬಲಿಪೂಜೆ ಮುಗಿದ ಬಳಿಕ ನಮ್ಮ ಧರ್ಮಕೇಂದ್ರದ ಒಬ್ಬ ಗೃಹಸ್ಥರು ನನ್ನನ್ನು ತಮ್ಮ ಮನೆಗೆ ಕರೆದೊಯ್ದಾಗ, ಅಲ್ಲಿ ಆಶೀರ್ವಾದಕ್ಕಾಗಿ ಕಾದು ನಿಂತಿದ್ದುದು ಒಂದು ಹಿಟ್ಟಿನ ಗಿರಣಿ. ಅಡುಗೆಮನೆಯ ಮೂಲೆಯಲ್ಲಿ ಸಣ್ಣ ಕಪಾಟಿನಂತೆ ಕುಳಿತಿದ್ದ ಆ ವಿದ್ಯುತ್ ಯಂತ್ರಕ್ಕೆ ಹೂವಿನ ಮಾಲೆಯನ್ನೂ ಹಾಕಿದ್ದರು. ಇನ್ನು ಮೇಲೆ ಅಂಗಡಿಯ ಹಿಟ್ಟು ತಮ್ಮ ಮನೆಗೆ ಬರಕೂಡದು, ಬೇಕರಿಯ ಬ್ರೆಡ್ಡು ಮಕ್ಕಳ ಬಾಯಿಗೆ ಹೋಗಕೂಡದು, ಗೋಧಿಯನ್ನು ಮನೆಯಲ್ಲೇ ಬೀಸಿ ಮನೆಯಲ್ಲೇ ಬ್ರೆಡ್ಡು ಸುಡತಕ್ಕದ್ದು ಎಂಬುದು ಅವರ ಸಂಕಲ್ಪ. ಅವರು ಅತ್ಯುತ್ಸಾಹದಿಂದ ಇದನ್ನೆಲ್ಲ ವಿವರಿಸುತ್ತಿರುವಾಗ ಶಾಲಾ ಶಿಕ್ಷಕಿಯಾದ ಅವರ ಪತ್ನಿ ಬಾಗಿಲ ಬಳಿ ಮೌನವಾಗಿ ನಿಂತಿದ್ದರು. ನಾನು ಪವಿತ್ರ ಜಲವನ್ನು ಪ್ರೋಕ್ಷಿಸಿ ಹಿಂದಿರುಗುವಷ್ಟರಲ್ಲಿ ಅವರು ನಗುತ್ತಲೇ ಹೇಳಿದರು: "ಫಾದರ್, ಯಂತ್ರಕ್ಕ ಆಶೀರ್ವಾದ ಆತು. ಗೋಧಿ ಹಸನ ಮಾಡೋ ಕೈಗೂ ಒಂದಿಷ್ಟು ನೀರು ಹಾಕ್ರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ಕೊಡದೆ ಬಂದೆನೆಂಬ ಕೊರಗು ಅಂದಿನಿಂದ ನನ್ನನ್ನು ಕಾಡುತ್ತಿದೆ. ಈ ಬರಹ ಆ ತಾಯಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಆ ಗೃಹಸ್ಥರ ಪಕ್ಷದ ನ್ಯಾಯವನ್ನು ಒಪ್ಪಿಕೊಳ್ಳಬೇಕು. ಹಿಟ್ಟಿನ ವಿಷಯದಲ್ಲಿ ಅವರು ಹೇಳಿದ್ದು ಸರಿ. ಗೋಧಿಯ ಒಂದು ಕಾಳನ್ನು ತೆಗೆದುಕೊಂಡು ನೋಡಿದರೆ ಅದರಲ್ಲಿ ಮೂರು ಭಾಗಗಳಿವೆ. ಹೊರಗಿನ ಸಿಪ್ಪೆ, ಅಂದರೆ ತವುಡು, ತೂಕದಲ್ಲಿ ನೂರಕ್ಕೆ ಸುಮಾರು 14 ಪಾಲು. ಒಳಗಿನ ಬಿಳಿಯ ತಿರುಳು ಸುಮಾರು 83 ಪಾಲು. ಉಳಿದ ಎರಡೂವರೆ ಮೂರು ಪಾಲು ಮಾತ್ರ ಮೊಳಕೆಯೊಡೆಯುವ ಅಂಕುರ. ಕಾಳಿನ ಜೀವವಿರುವುದು ಈ ಅತಿ ಸಣ್ಣ ಭಾಗದಲ್ಲಿ. ಎಣ್ಣೆಯ ಅಂಶ ಹೆಚ್ಚಾಗಿರುವುದೂ ಅಲ್ಲಿಯೇ. ಕಾಳು ಒಡೆಯದೆ ಇರುವ ತನಕ ಆ ಎಣ್ಣೆ ಸುರಕ್ಷಿತ. ಬೀಸಿದ ಕ್ಷಣದಿಂದ ಅದಕ್ಕೆ ಗಾಳಿ ತಗಲುತ್ತದೆ, ಕ್ರಮೇಣ ಕಮಟು ಹಿಡಿಯುತ್ತದೆ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಂತೂ ಇಡಿಯ ಗೋಧಿಯ ಹಿಟ್ಟು ಕೆಲವು ವಾರಗಳಲ್ಲೇ ಕಹಿಯಾಗುವುದನ್ನು ಮನೆವಾರ್ತೆ ನೋಡುವವರೆಲ್ಲ ಬಲ್ಲರು. ಒಣಗಿದ ಗೋಧಿಯಾದರೋ ವರ್ಷಗಟ್ಟಲೆ ಕೆಡದೆ ಕಾದಿರುತ್ತದೆ. ಆದುದರಿಂದ ಕಾಳನ್ನು ಸಂಗ್ರಹಿಸಿ ಹಿಟ್ಟನ್ನು ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳುವ ನಮ್ಮ ಹಿರಿಯರ ಪದ್ಧತಿ ಕೇವಲ ಬಡತನದಿಂದ ಹುಟ್ಟಿದ್ದೆಂದು ತಿಳಿಯಲಾಗದು.

ಹತ್ತೊಂಬತ್ತನೆಯ ಶತಮಾನದಲ್ಲಿ ಹಂಗೆರಿ ಮುಂತಾದ ದೇಶಗಳಲ್ಲಿ ಉಕ್ಕಿನ ಉರುಳೆಗಳ ಗಿರಣಿಗಳು ಬಳಕೆಗೆ ಬಂದವು. ಕಲ್ಲು ಕಾಳನ್ನು ಅರೆಯುತ್ತದೆ. ಉರುಳೆ ಅದನ್ನು ಬಿಡಿಸುತ್ತದೆ. ತವುಡೂ ಅಂಕುರವೂ ಬೇರೆಯಾಗಿ ಹೋಗಿ, ತಿಂಗಳುಗಟ್ಟಲೆ ಇಟ್ಟರೂ ಕೆಡದ, ಹಡಗುಗಳಲ್ಲಿ ಸಾವಿರಾರು ಮೈಲಿ ಸಾಗಿಸಬಹುದಾದ ಅಚ್ಚ ಬಿಳಿಯ ಹಿಟ್ಟು ದೊರೆಯಿತು. ನಮ್ಮ ಮೈದಾ ಈ ಕುಲದ್ದೇ. ವ್ಯಾಪಾರಕ್ಕೆ ಇದು ಮಹದುಪಕಾರವಾಯಿತು. ಆದರೆ ಹಿಟ್ಟು ಕೆಡದಂತೆ ತೆಗೆದುಹಾಕಿದ ಭಾಗದಲ್ಲೇ ಶರೀರಕ್ಕೆ ಬೇಕಾದ ಬಿ ಜೀವಸತ್ವಗಳೂ ಕಬ್ಬಿಣವೂ ನಾರೂ ಹೊರಟುಹೋದವು. ಅಕ್ಕಿಯಲ್ಲಿ ನಡೆದದ್ದೂ ಇದೇ. ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್ಮನ್ ಅವರು ಪಾಲಿಶ್ ಮಾಡಿದ ಅಕ್ಕಿಯನ್ನಷ್ಟೇ ತಿಂದ ಕೋಳಿಗಳ ಕಾಲು ಸೋಲುವುದನ್ನು ಗಮನಿಸಿ ಬೆರಿಬೆರಿ ರೋಗದ ಗುಟ್ಟಿನ ಜಾಡು ಹಿಡಿದರು. 1929ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಅಮೆರಿಕದಲ್ಲಿ 1940ರ ದಶಕದ ಆರಂಭದಿಂದ ಬಿಳಿ ಹಿಟ್ಟಿಗೆ ಕಳೆದುಹೋದ ಜೀವಸತ್ವಗಳಲ್ಲಿ ಕೆಲವನ್ನು ಮತ್ತೆ ಬೆರೆಸತೊಡಗಿದರು. ಒಂದು ಕೈಯಿಂದ ಕಸಿದುಕೊಂಡು ಇನ್ನೊಂದು ಕೈಯಿಂದ ಸ್ವಲ್ಪ ಹಿಂದಕ್ಕೆ ಕೊಡುವ ಈ ಕ್ರಮವನ್ನು ಓದಿದಾಗ ನನಗೆ ನಮ್ಮೂರಿನ ಲೇವಾದೇವಿಯವರ ನೆನಪಾಗುತ್ತದೆ.

ಇರಲಿ. ಬೀಸಿದ ದಿನವೇ ಕಲಸಿ ಸುಟ್ಟ ರೊಟ್ಟಿಯ ಕಂಪನ್ನು ಒಮ್ಮೆ ಕಂಡವರಿಗೆ ಇಷ್ಟೆಲ್ಲ ವಿಜ್ಞಾನವೂ ಬೇಕಿಲ್ಲ. ಹಾಗಾದರೆ ಆ ಶಿಕ್ಷಕಿಯ ಮಾತಿನಲ್ಲಿದ್ದ ಮೊನೆ ಯಾವುದು?

ಇಲ್ಲಿ ನನ್ನ ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಗುರುಮಠದಲ್ಲಿ ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದ ದಿನಗಳಲ್ಲಿ ನಾನು ಬೀಸುವ ಪದಗಳನ್ನು ಕುರಿತು ಒಂದು ಪ್ರಬಂಧವನ್ನು ಬರೆದೆ. ಹಲಸಂಗಿ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿದ 'ಗರತಿಯ ಹಾಡು' ನಮ್ಮ ಗ್ರಂಥಾಲಯದಲ್ಲಿತ್ತು. ಅದನ್ನು ಓದಿ ಮರುಳಾದ ನಾನು, ಕಲ್ಲಿನ ಸುತ್ತು ಮತ್ತು ತ್ರಿಪದಿಯ ಲಯ ಒಂದಾಗುವುದನ್ನು, ದುಡಿಮೆಯೇ ಪ್ರಾರ್ಥನೆಯಾಗುವುದನ್ನು ಬಹಳ ದೊಡ್ಡ ಮಾತುಗಳಲ್ಲಿ ವರ್ಣಿಸಿದ್ದೆ. ರಜೆಯಲ್ಲಿ ಊರಿಗೆ ಹೋದಾಗ ಅದನ್ನು ಅವ್ವನಿಗೆ ಓದಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಬಳಿಕ ಹೇಳಿದಳು: "ಹಾಡಲಿಲ್ಲಂದ್ರ ನಿದ್ದಿ ಬರ್ತಿತ್ತೋ ತಮ್ಮಾ. ನಿದ್ದಿ ಬಂದ್ರ ಕೈ ನಿಲ್ತಿತ್ತು. ಕೈ ನಿಂತ್ರ ನಿಮಗ ರೊಟ್ಟಿ ಇರ್ತಿರಲಿಲ್ಲ."

ನಮ್ಮ ಹಳ್ಳಿಗೆ ವಿದ್ಯುತ್ ಬರುವ ಮುನ್ನ ಗಿರಣಿಯಿದ್ದುದು ನಾಲ್ಕು ಮೈಲಿಯಾಚೆಯ ಸಂತೆಯ ಊರಿನಲ್ಲಿ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಆ ದಾರಿಯೂ ಇಲ್ಲ. ಕೋಳಿ ಕೂಗುವ ಮೊದಲೇ ಅವ್ವ ಎದ್ದು ಬೀಸುಕಲ್ಲಿನ ಮುಂದೆ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ ಕುಳಿತುಕೊಳ್ಳುತ್ತಿದ್ದಳು. ಎಡಗೈಯಿಂದ ಹಿಡಿ ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುವುದು, ಬಲಗೈಯಿಂದ ಗೂಟ ಹಿಡಿದು ತಿರುವುವುದು. ನಮ್ಮದು ಏಳು ಮಂದಿಯ ಮನೆ. ಎರಡು ಹೊತ್ತಿನ ರೊಟ್ಟಿಗಾಗುವಷ್ಟು ಹಿಟ್ಟು ಇಳಿಯಬೇಕಾದರೆ ಒಂದೂವರೆ ಗಂಟೆಗೂ ಮಿಕ್ಕಿ ಹಿಡಿಯುತ್ತಿತ್ತು. ಆಮೇಲೆ ನೀರು, ದನ, ಒಲೆ, ಹೊಲ. ನಾನು ಆ ಸದ್ದನ್ನು ಚಾದರದೊಳಗಿನಿಂದ ಕೇಳುತ್ತ ಮಗ್ಗಲು ಬದಲಿಸುತ್ತಿದ್ದವನು! ಅಪ್ಪನಾಗಲಿ ಅಣ್ಣಂದಿರಾಗಲಿ ಆ ಗೂಟಕ್ಕೆ ಕೈ ಹಚ್ಚಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಅವರು ಕೆಟ್ಟವರಾಗಿರಲಿಲ್ಲ. ಅದು ಗಂಡಸರ ಕೆಲಸವೆಂದು ಯಾರಿಗೂ, ಅವ್ವನಿಗೂ ಕೂಡ, ತೋಚಿರಲಿಲ್ಲ. ಮುಂದೆ ಊರಿಗೆ ಗಿರಣಿ ಬಂದ ದಿನ ಆಕೆ ಕಲ್ಲನ್ನು ಹಿತ್ತಿಲಿಗೆ ಉರುಳಿಸಿ ನೀರು ಕಾಯಿಸುವ ಒಲೆಯ ಪಕ್ಕ ಹಾಕಿದಳು. ಈಗಲೂ ಮನೆಯವರು ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಅದನ್ನು ತಂದು ನನ್ನ ವಸತಿಯ ಮುಂದೆ ಅಲಂಕಾರಕ್ಕೆ ಇಡಬೇಕೆಂದು ಒಮ್ಮೆ ಕೇಳಿದಾಗ ಅವ್ವನ ಮುಖದಲ್ಲಿ ಕಂಡ ವಿಸ್ಮಯವನ್ನು ನೆನೆದು ಆ ಆಸೆಯನ್ನು ಕೈಬಿಟ್ಟಿದ್ದೇನೆ.

ಪವಿತ್ರ ಗ್ರಂಥವನ್ನು ಈ ಕಣ್ಣಿನಿಂದ ಮತ್ತೆ ಓದಿದರೆ ಬೀಸುಕಲ್ಲು ಎಷ್ಟು ಕಡೆ ಕಾಣಿಸಿಕೊಳ್ಳುತ್ತದೆಂಬುದು ಆಶ್ಚರ್ಯದ ಸಂಗತಿ. ವಿಮೋಚನಕಾಂಡದಲ್ಲಿ ಚೊಚ್ಚಲು ಮಕ್ಕಳ ಮರಣವನ್ನು ಮುನ್ನುಡಿಯುವಾಗ ಮೋಶೆಯು ಸಮಾಜದ ತುತ್ತತುದಿಯಲ್ಲಿ ಸಿಂಹಾಸನದ ಮೇಲಿನ ಫರೋಹನನ್ನೂ, ತೀರ ತಳದಲ್ಲಿ ಬೀಸುಕಲ್ಲಿನ ಹಿಂದೆ ಕುಳಿತ ದಾಸಿಯನ್ನೂ ನಿಲ್ಲಿಸುತ್ತಾನೆ. ಫಿಲಿಷ್ಟಿಯರು ಸಂಸೋನನ ಕಣ್ಣು ಕಿತ್ತ ಮೇಲೆ ಅವನಿಗೆ ಕೊಟ್ಟ ಕೆಲಸ ಸೆರೆಮನೆಯಲ್ಲಿ ಕಾಳು ಬೀಸುವುದು. ವೀರನನ್ನು ಅವಮಾನಿಸಲು ಅದಕ್ಕಿಂತ ಕೀಳಾದುದು ಅವರಿಗೆ ಹೊಳೆಯಲಿಲ್ಲ. ಇನ್ನೊಂದೆಡೆ, ಧರ್ಮೋಪದೇಶಕಾಂಡದ ಇಪ್ಪತ್ತನಾಲ್ಕನೆಯ ಅಧ್ಯಾಯವು ಸಾಲಕ್ಕಾಗಿ ಯಾರ ಬೀಸುಕಲ್ಲನ್ನೂ, ಅದರ ಮೇಲ್ಗಲ್ಲನ್ನೂ ಒತ್ತೆ ಇಟ್ಟುಕೊಳ್ಳಬಾರದೆಂದು ವಿಧಿಸುತ್ತದೆ, ಏಕೆಂದರೆ ಹಾಗೆ ಮಾಡುವುದು ಮನುಷ್ಯನ ಪ್ರಾಣವನ್ನೇ ಒತ್ತೆ ತೆಗೆದುಕೊಂಡಂತೆ. ಮನೆಯ ಪ್ರಾಣವೇ ಆಗಿರುವ ಕೆಲಸ. ಅದನ್ನು ಮಾಡುವವಳು ಮಾತ್ರ ಎಲ್ಲರಿಗಿಂತ ಕೆಳಗೆ. ಈ ವಿಪರ್ಯಾಸವನ್ನು ಪ್ರಭು ಯೇಸು ಕಾಣದೆ ಇರಲಿಲ್ಲ. ಮನುಷ್ಯಪುತ್ರನ ಆಗಮನವನ್ನು ಕುರಿತು ಹೇಳುವಾಗ ಅವರು ಹೊಲದಲ್ಲಿ ದುಡಿಯುವ ಇಬ್ಬರು ಗಂಡಸರನ್ನು ಹೇಳಿ ಸುಮ್ಮನಾಗದೆ, ಕಲ್ಲಿನ ಮುಂದೆ ಕುಳಿತು ಬೀಸುವ ಇಬ್ಬರು ಹೆಂಗಸರನ್ನೂ ಎದುರಿಗೆ ತಂದರು. ನಜರೇತಿನ ಮನೆಯಲ್ಲಿ ಮಾತೆ ಮರಿಯಮ್ಮನವರೂ ಹಾಗೆ ಬೀಸಿದ್ದಿರಬೇಕು. ನಮ್ಮ ಚಿತ್ರಕಾರರು ಆ ತಾಯಿಯ ಕೈಗೆ ಲಿಲಿ ಹೂವನ್ನು ಕೊಟ್ಟರೇ ಹೊರತು ಕಲ್ಲಿನ ಗೂಟವನ್ನು ಕೊಡಲಿಲ್ಲ.

ಗ್ರೀಕರಲ್ಲಿಯೂ ಇದೇ ಕತೆ. ಲಾಳಿಯು ತಾನಾಗಿ ನೇಯುವಂತಿದ್ದರೆ ಯಜಮಾನರಿಗೆ ದಾಸರ ಅಗತ್ಯವಿರುತ್ತಿರಲಿಲ್ಲವೆಂದು ಅರಿಸ್ಟಾಟಲ್ ತನ್ನ ರಾಜನೀತಿ ಗ್ರಂಥದ ಮೊದಲ ಭಾಗದಲ್ಲಿ ಹೇಳುತ್ತಾನೆ. ಅವನು ಅದನ್ನು ಆಗದ ಮಾತೆಂದೇ ಎಣಿಸಿದ್ದ. ಮೂರು ಶತಮಾನಗಳು ಕಳೆದ ಮೇಲೆ ಥೆಸಲೋನಿಕದ ಆಂಟಿಪಾಟರ್ ಎಂಬ ಕವಿ ನೀರಿನಿಂದ ತಿರುಗುವ ಗಿರಣಿಯನ್ನು ಕಂಡು, ಬೀಸುವ ಹೆಣ್ಣುಮಕ್ಕಳಿಗೆ ಇನ್ನು ನೀವು ಬೆಳಗಾಗುವವರೆಗೂ ಮಲಗಬಹುದೆಂಬರ್ಥದ ಪುಟ್ಟ ಕವಿತೆಯನ್ನು ಬರೆದ. ಸಂತ ಪೌಲರು ಎರಡು ಪತ್ರಗಳನ್ನು ಬರೆದುದು ಇದೇ ಊರಿನ ಸಭೆಗೆ ಎಂಬುದನ್ನು ವಾಚಕರು ಬಲ್ಲರು. ಅವ್ವ ಕಲ್ಲನ್ನು ಹಿತ್ತಿಲಿಗೆ ಉರುಳಿಸಿದ ದಿನವನ್ನು ನೆನೆದಾಗಲೆಲ್ಲ ಆ ಕವಿ ನನಗೆ ನೆರೆಮನೆಯವನಂತೆ ತೋರುತ್ತಾನೆ.

ಆದುದರಿಂದ ಮನೆಯಲ್ಲೇ ಬೀಸಬೇಕೆಂದು ಇಂದು ಬೋಧಿಸುವವರು, ಅವರಲ್ಲಿ ಬಹುಮಂದಿ ಗಂಡಸರೇ ಎಂಬುದು ನನ್ನ ಅನುಭವ, ಮೊದಲು ಒಂದು ಪ್ರಶ್ನೆಗೆ ಉತ್ತರಿಸಬೇಕು: ಬೀಸುವ ಕೈ ಯಾರದು? ಯಂತ್ರವಿರುವಾಗ ಕೈಯ ಮಾತೇಕೆ ಎನ್ನುವವರು ಒಂದು ಸಲವಾದರೂ ಗೋಧಿಯನ್ನು ಹಸನು ಮಾಡಿ ನೋಡಬೇಕು. ಗಿರಣಿಯ ಕೆಲಸ ಹತ್ತು ನಿಮಿಷದ್ದು. ಅದಕ್ಕೆ ಮುನ್ನ ಚೀಲವನ್ನು ಬಿಚ್ಚಿ, ಮೊರದಲ್ಲಿ ಕೇರಿ, ಹರಳು ಆಯ್ದು, ನುಸಿ ಹಿಡಿದಿದ್ದರೆ ಬಿಸಿಲಿಗೆ ಹರವಿ, ತೊಳೆದಿದ್ದರೆ ಪೂರ್ತಿ ಒಣಗುವ ತನಕ ಕಾಯಬೇಕು. ಹಸಿ ಉಳಿದ ಕಾಳು ಕಲ್ಲಿಗೆ ಮೆತ್ತಿಕೊಳ್ಳುತ್ತದೆ. ಬೀಸಿದ ಬಳಿಕ ಬಿಸಿ ಹಿಟ್ಟನ್ನು ಆರಿಸಬೇಕು, ಯಂತ್ರವನ್ನು ಒರೆಸಬೇಕು, ಮನೆಯ ತುಂಬ ಕುಳಿತ ಧೂಳನ್ನು ಗುಡಿಸಬೇಕು. ಬ್ರೆಡ್ಡಿನ ಕಲಸುವಿಕೆ, ಉಬ್ಬಲು ಬಿಡುವುದು, ಸುಡುವುದು ಇನ್ನೂ ಮುಂದಿನ ಮಾತು. ಭಾರತ ಸರಕಾರವು 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ವ್ಯಯಿಸಿದುದು ಕಂಡುಬಂದಿತು. ಈ ಲೆಕ್ಕವೂ ಆ ಕೆಲಸಕ್ಕೆ ಕೈ ಹಾಕಿದ ಗಂಡಸರದ್ದು ಮಾತ್ರ. ನಾಲ್ವರಲ್ಲಿ ಸುಮಾರು ಮೂವರು ಗಂಡಸರು ಆ ಕಡೆಗೆ ತಲೆ ಹಾಕಿರಲೇ ಇಲ್ಲ. ಇಂತಹ ಮನೆಗೆ ಒಂದು ಗಿರಣಿಯನ್ನು ತಂದಿರಿಸಿದರೆ 299 ಎಂಬುದು ಎತ್ತ ಸಾಗೀತೆಂಬುದನ್ನು ಯಾರಾದರೂ ಊಹಿಸಬಲ್ಲರು.

ಇದಕ್ಕೆ ಒಂದು ಒಳ್ಳೆಯ ನಿದರ್ಶನ ಗಾಂಧೀಜಿಯವರ ಆತ್ಮಕಥೆಯಲ್ಲಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ವಕೀಲಿ ಮಾಡುತ್ತಿದ್ದಾಗ ಅವರು ಬೇಕರಿಯ ಬ್ರೆಡ್ಡನ್ನು ನಿಲ್ಲಿಸಿ ಮನೆಯಲ್ಲೇ ಇಡಿಯ ಗೋಧಿಯ ಹುಳಿಯಿಲ್ಲದ ರೊಟ್ಟಿಯನ್ನು ಮಾಡಿಸತೊಡಗಿದರು. ಅದಕ್ಕಾಗಿ 7 ಪೌಂಡು ಕೊಟ್ಟು ಕೈಗಿರಣಿಯನ್ನು ಕೊಂಡರು. ಅದರ ಕಬ್ಬಿಣದ ಚಕ್ರ ಒಬ್ಬರಿಗೆ ಭಾರ, ಇಬ್ಬರಿಗೆ ಹಗುರ. ಸಾಮಾನ್ಯವಾಗಿ ಅದನ್ನು ತಿರುಗಿಸುತ್ತಿದ್ದವರು ಗಾಂಧೀಜಿ, ಅವರ ಸ್ನೇಹಿತ ಪೋಲಕ್ ಮತ್ತು ಮಕ್ಕಳು. ಕಸ್ತೂರಬಾ ಆಗೊಮ್ಮೆ ಈಗೊಮ್ಮೆ ಕೈಗೂಡಿಸುತ್ತಿದ್ದರು, ಏಕೆಂದರೆ ಅದು ಆಕೆ ಅಡುಗೆ ಆರಂಭಿಸುವ ಹೊತ್ತು. ಗಾಂಧೀಜಿ ತಮ್ಮ ಪ್ರಯೋಗಗಳ ಭಾರವನ್ನು ಮನೆಯವರ ಮೇಲೆ ಹೊರಿಸಿದ ಪ್ರಸಂಗಗಳು ಆ ಗ್ರಂಥದಲ್ಲೇ ಬೇರೆ ಬೇಕಾದಷ್ಟಿವೆ. ಆದರೆ ಈ ಒಂದು ವಿಷಯದಲ್ಲಿ ಹಿಟ್ಟು ಬೇಕೆಂದವರೇ ಚಕ್ರ ತಿರುಗಿಸಿದರು.

ನಾನು ಮನೆಗಿರಣಿಯ ವಿರೋಧಿಯಲ್ಲ. ಆದರೆ ಎಲ್ಲರೂ ಯಂತ್ರವನ್ನು ಕೊಳ್ಳಬೇಕೆಂದೇನೂ ಇಲ್ಲ. ಓಣಿಯ ಗಿರಣಿ ಇನ್ನೂ ಬದುಕಿರುವ ಊರುಗಳಲ್ಲಿ ಐದು ಕಿಲೋ ಗೋಧಿಯನ್ನು ಡಬ್ಬಿಯಲ್ಲಿ ಒಯ್ದು ಬೀಸಿಸಿಕೊಂಡು ಬಂದರೆ ಅದೇ ತಾಜಾ ಹಿಟ್ಟು. ಗಿರಣಿಯವನ ಮನೆಯ ಒಲೆಯೂ ಉರಿಯುತ್ತದೆ. ನಮ್ಮ ಮುಂದಿನವರು ಏನು ಬೀಸಿಸಿದರೆಂದು ಕೇಳಿಕೊಂಡರೆ ಸಾಕು, ಇಲ್ಲವಾದರೆ ಅವರ ಕಡಲೆಯ ಹಿಟ್ಟು ನಮ್ಮ ಗೋಧಿಯೊಳಗೆ ಬರುತ್ತದೆ. ಬ್ರೆಡ್ಡು ಮಾಡುವವರಿಗೆ ಇನ್ನೊಂದು ಮಾತು. ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ ಸೀಮೆಯ ಜವೆ ಗೋಧಿ ಹುಗ್ಗಿಗೆ ಅಮೃತ, ಬನ್ಸಿ ಗೋಧಿ ರವೆಗೂ ಶಾವಿಗೆಗೂ ಹೇಳಿಸಿದ್ದು. ಆದರೆ ಅವುಗಳ ಅಂಟು ಹುದುಗಿನ ಗಾಳಿಯನ್ನು ಚೆನ್ನಾಗಿ ಹಿಡಿದಿಡದು. ಬ್ರೆಡ್ಡು ಇಟ್ಟಿಗೆಯಂತಾದರೆ ಗೃಹಿಣಿಯನ್ನು ದೂರಬಾರದು. ಅದಕ್ಕೆ ಅಂಗಡಿಯಲ್ಲಿ ಲೋಕವನವೆಂದು ಮಾರುವಂಥ ಸಾಮಾನ್ಯ ಗೋಧಿಯೇ ಸರಿ. ಇಡಿಯ ಹಿಟ್ಟಿಗೆ ನೀರು ಹೆಚ್ಚು ಬೇಕು. ಕಲಸಿ ಅರ್ಧ ಗಂಟೆ ಬಿಟ್ಟು, ತವುಡು ಮೆತ್ತಗಾದ ಮೇಲೆ ನಾದಿದರೆ ಕೈಗೆ ಶ್ರಮ ಕಡಿಮೆ. ಗೋಧಿಯ ಅಂಟು ಒಗ್ಗದ ರೋಗವಿರುವವರು ಮಾತ್ರ ತಾಜಾ ಹಿಟ್ಟಾದರೂ ಅದರಿಂದ ದೂರವಿರಬೇಕು.

ನಾವು ಗುರುಗಳೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯಂತೆ ಬಲಿಪೂಜೆಯ ರೊಟ್ಟಿ ಕೇವಲ ಗೋಧಿಯದಾಗಿರಬೇಕು, ಕೆಡುವ ಭಯವಿಲ್ಲದಂತೆ ಇತ್ತೀಚೆಗೆ ಮಾಡಿದುದಾಗಿರಬೇಕು. ಮೊದಲು ಧಾರ್ಮಿಕ ಸಭೆಗಳವರು ಸಿದ್ಧಪಡಿಸುತ್ತಿದ್ದ ಈ ರೊಟ್ಟಿ ಈಗ ಅಂಗಡಿಗಳಲ್ಲೂ ಬಿಕರಿಯಾಗುತ್ತಿರುವುದನ್ನು 2017ರಲ್ಲಿ ರೋಮಿನಿಂದ ಧರ್ಮಾಧ್ಯಕ್ಷರಿಗೆ ಬಂದ ಸುತ್ತೋಲೆಯು ಪ್ರಸ್ತಾಪಿಸಿ, ಅದರ ಶುದ್ಧತೆಯ ಬಗ್ಗೆ ಎಚ್ಚರಿಸಿತು. ಕಾಣಿಕೆಯ ಪ್ರಾರ್ಥನೆಯಲ್ಲಿ ನಾವು ಪ್ರತಿದಿನವೂ ಆ ರೊಟ್ಟಿಯನ್ನು ಮೇಲೆತ್ತಿ, ಭೂಮಿಯ ಕೊಡುಗೆಯ ಜೊತೆಗೆ ಮನುಷ್ಯರ ಕೈಕೆಲಸವನ್ನೂ ನೆನೆಯುತ್ತೇವೆ. ಇಪ್ಪತ್ತೈದು ವರ್ಷಗಳಿಗೂ ಮೀರಿ ಆ ಮಾತನ್ನು ಹೇಳಿದ ನಾನು, ಪೊಟ್ಟಣವನ್ನು ತೆರೆಯುವಾಗ ಅದು ಯಾರ ಕೈಯೆಂದು ಕೇಳಿದವನಲ್ಲ. ಈ ವರ್ಷ ಹೋಗಿ ಕೇಳಿದೆ. ಸಮೀಪದ ಪಟ್ಟಣದ ಕನ್ಯಾಮಠದಲ್ಲಿ ಇಬ್ಬರು ವಯೋವೃದ್ಧ ಭಗಿನಿಯರು ಬಿಸಿ ಅಚ್ಚಿನ ಮುಂದೆ ನಿಂತು ಅದನ್ನು ಮಾಡುತ್ತಾರೆ. ಒಬ್ಬರಿಗೆ ಮೊಣಕಾಲು ನೋವು. ಅವರಿಗೊಂದು ಎತ್ತರದ ಪೀಠ ಬೇಕೆಂಬುದು ಇಷ್ಟು ದಿನ ಯಾರ ಗಮನಕ್ಕೂ ಬಂದಿರಲಿಲ್ಲ.

ಆ ಭಾನುವಾರದ ಮಾತು ಮನಸ್ಸಿನಲ್ಲಿ ಇದ್ದುದರಿಂದ, ಪ್ರಥಮ ಪರಮಪ್ರಸಾದದ ತರಗತಿಯ ಮಕ್ಕಳ ತಂದೆಯರನ್ನು ಒಂದು ಶನಿವಾರ ಮಧ್ಯಾಹ್ನ ಧರ್ಮಕೇಂದ್ರದ ಸಭಾಂಗಣಕ್ಕೆ ಕರೆದೆ. ಪ್ರವಚನವಿದೆಯೆಂದು ತಿಳಿದು ಬಂದವರ ಮುಂದೆ ಹನ್ನೆರಡು ಕಿಲೋ ಗೋಧಿಯನ್ನೂ ಆರು ಮೊರಗಳನ್ನೂ ಇಟ್ಟೆ. ಹತ್ತು ಮಂದಿಯಲ್ಲಿ ಮೊರ ಹಿಡಿಯಲು ಬರುತ್ತಿದ್ದವರು ಒಬ್ಬರು, ಅವರೂ ರೈತರು. ಉಳಿದವರು, ನನ್ನನ್ನೂ ಸೇರಿಸಿ, ಕಾಳನ್ನು ನೆಲಕ್ಕೂ ಹೊಟ್ಟನ್ನು ಮೊರಕ್ಕೂ ಉಳಿಸಿದೆವು. ಮಕ್ಕಳು ಕಿಟಕಿಯಿಂದ ನೋಡಿ ನಗುತ್ತಿದ್ದರು. ಮೂರು ಗಂಟೆಗೆ ಕುಳಿತವರು ಎದ್ದಾಗ ಐದೂವರೆ. ಗಿರಣಿಯಲ್ಲಿ ಕಾಲು ಗಂಟೆ ಕೂಡ ಹಿಡಿಯಲಿಲ್ಲ. ಸೊಂಟ ಹಿಡಿದುಕೊಂಡು ಎದ್ದ ಒಬ್ಬರು, ಬ್ಯಾಂಕಿನಲ್ಲಿ ಕೆಲಸ ಮಾಡುವವರು, ತಮ್ಮ ತಾಯಿಗೆ ಈ ನೋವು ಇತ್ತೆಂದು ಹೇಳಿ ಹೊರಗೆ ಹೋಗಿ ಬಹಳ ಹೊತ್ತು ನಿಂತಿದ್ದರು.

ಗಿರಣಿಯ ಮಾಲೀಕರಾದ ಆ ಗೃಹಸ್ಥರೂ ಅಂದು ಅಲ್ಲಿದ್ದರು. ಪಾಸ್ಕ ಹಬ್ಬ ಕಳೆದ ಮೇಲೆ ಅವರ ಮನೆಗೆ ಹೋಗಿದ್ದೆ. ಯಂತ್ರದ ಮೇಲಿನ ಮಾಲೆ ಒಣಗಿತ್ತು, ಪಕ್ಕದಲ್ಲಿ ಮೊರವೊಂದು ಗೋಡೆಗೆ ಒರಗಿತ್ತು. ಶಿಕ್ಷಕಿ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದರು. ಚಹದೊಂದಿಗೆ ಬ್ರೆಡ್ಡನ್ನು ಕೊಯ್ದು ತಂದವರು ಯಜಮಾನರು. ಕಂದುಬಣ್ಣದ, ಸ್ವಲ್ಪ ಗಟ್ಟಿಯಾದ, ಒಳ್ಳೆಯ ಕಂಪಿನ ಬ್ರೆಡ್ಡು. ಎರಡನೆಯ ತುತ್ತಿನಲ್ಲಿ ನನ್ನ ಹಲ್ಲಿಗೆ ಒಂದು ಹರಳು ಸಿಕ್ಕಿತು. ಗೋಧಿಯನ್ನು ಹಸನು ಮಾಡಿದವರು ಯಾರೆಂದು ನಾನು ಕೇಳಲಿಲ್ಲ. ಶಿಕ್ಷಕಿ ತಲೆಯೆತ್ತಿ ನನ್ನ ಮುಖ ನೋಡಿ ಮತ್ತೆ ಉತ್ತರಪತ್ರಿಕೆಯ ಕಡೆಗೆ ಬಾಗಿದರು.